ಮಿಯಾಟಾ ಡಿಕ್ಕಿ ಮುಚ್ಚಳದ ಸ್ಪ್ರಿಂಗ್ ಸರಳು: ಮುಖ ಉಳಿಸಿಕೊಂಡು ಬಿಚ್ಚೋದು ಹೇಗೆ?

ನೀಲಿ_ಮಿಯಾಟಾ · ಸ್ಯಾನ್ ಹೋಸೆ

ಒಂದು ಸಹಾಯ ಬೇಕಿತ್ತು. ನನ್ನ ಹತ್ತಿರ 1990ರ ಮಜ್ಡಾ ಮಿಯಾಟಾ ಇದೆ. ಮೊದಲ ತಲೆಮಾರಿನದು, ಹೆಡ್‌ಲೈಟು ಕಪ್ಪೆ ಕಣ್ಣಿನ ಹಾಗೆ ಮೇಲೆದ್ದು ಬರುವ ಗಾಡಿ. ಬಣ್ಣ ನೀಲಿ, ಅಥವಾ ಒಂದು ಕಾಲದಲ್ಲಿ ನೀಲಿ. ಇಲ್ಲಿನ ಬಿಸಿಲಿಗೆ ಡಿಕ್ಕಿ ಮುಚ್ಚಳದ ಬಣ್ಣ ಸತ್ತು ಸುಣ್ಣ ಬಳಿದ ಗೋಡೆ ಥರ ಆಗಿದೆ. ಕೈಯಾಡಿಸಿದರೆ ಪುಡಿ ಬರುತ್ತದೆ. ಪೇಂಟ್ ಮಾಡುವವರು "ಮುಚ್ಚಳ, ಹಿಂಜು (ಕೀಲು) ಎಲ್ಲ ನೀನೇ ಬಿಚ್ಚಿ ತಂದರೆ ಕೂಲಿ ಕಡಿಮೆ ಆಗುತ್ತೆ" ಅಂದಿದ್ದಾರೆ. ಹಿಂಜಿನ ಬುಡದ ಸುತ್ತ ನೀರು ಹರಿಯುವ ಕಾಲುವೆಯಲ್ಲಿ ಸ್ವಲ್ಪ ತುಕ್ಕೂ ಇದೆ. ಹಾಗಾಗಿ ಎಲ್ಲವನ್ನೂ ಬಿಚ್ಚಲೇಬೇಕು.

ಮುಚ್ಚಳದ ಬೋಲ್ಟು ನನಗೆ ಕಷ್ಟ ಅಲ್ಲ. ಹೆದರಿಕೆ ಇರುವುದು ಸ್ಪ್ರಿಂಗಿಗೆ. ಸುರುಳಿ ಸ್ಪ್ರಿಂಗ್ ಅಲ್ಲ ಇದು. ಡಿಕ್ಕಿಯೊಳಗೆ ತಲೆ ಹಾಕಿ ನೋಡಿದರೆ ಮೇಲ್ಗಡೆ ಎರಡು ಉದ್ದ ಸರಳು ಅಡ್ಡಡ್ಡ ಹೋಗಿವೆ, ನಡುವೆ ಒಂದನ್ನೊಂದು ದಾಟುತ್ತವೆ. ಪ್ರತಿ ಸರಳಿನ ಒಂದು ತುದಿ ಬಾಡಿಯ ಬ್ರಾಕೆಟ್‌ನಲ್ಲಿ ಸಿಕ್ಕಿಕೊಂಡಿದೆ, ಇನ್ನೊಂದು ತುದಿ ಆ ಕಡೆಯ ಹಿಂಜಿನ ತೋಳನ್ನು ಒತ್ತುತ್ತಿದೆ.

ಶನಿವಾರ ದೊಡ್ಡ ಸ್ಕ್ರೂಡ್ರೈವರ್ ಹಾಕಿ ಬ್ರಾಕೆಟ್ಟಿನಿಂದ ಮೀಟಲು ಹೋದೆ. ಅರ್ಧ ಸೆಂಟಿಮೀಟರ್ ಜರುಗಿತು, ಆಮೇಲೆ ಟಣ್ ಅಂತ ಸದ್ದು. ಸರಳು ವಾಪಸ್ ತನ್ನ ಜಾಗಕ್ಕೆ ಹೋಯಿತು, ಸ್ಕ್ರೂಡ್ರೈವರ್ ಕೈಯಿಂದ ಹಾರಿಹೋಯಿತು. ಎಲ್ಲಿ ಬಿತ್ತೋ ಇನ್ನೂ ಸಿಕ್ಕಿಲ್ಲ. ಅಲ್ಲಿಗೆ ಮುಚ್ಚಳ ಹಾಕಿ ಒಳಗೆ ಹೋಗಿ ಕಾಫಿ ಕುಡಿದೆ. ಯಾರಾದರೂ ಇದನ್ನು ಬಿಚ್ಚಿದ್ದೀರಾ?

ಸುಮ್ನೆ_ಕೇಳ್ದೆ · ಮೈಸೂರು

ಮಜ್ಡಾ ಅಂದರೆ ನನಗೆ ಇವತ್ತಿಗೂ ಸ್ವರಾಜ್ ಮಜ್ಡಾ ಮಿನಿ ಬಸ್ಸೇ ಕಣ್ಣಿಗೆ ಬರುವುದು. ಇಬ್ಬರೇ ಕೂರುವ ಮಜ್ಡಾ ಕೂಡ ಇದೆ ಅಂತ ಈಗ ಗೊತ್ತಾಯಿತು. ಸ್ಪ್ರಿಂಗ್ ವಿಷಯ ಗೊತ್ತಿಲ್ಲ, ಸ್ಕ್ರೂಡ್ರೈವರ್ ಸಿಕ್ಕಿದ ಮೇಲೆ ತಿಳಿಸಿ.

ಪಾನಾ_ಸೆಟ್ · ಡೆಟ್ರಾಯಿಟ್

ನೀಲಿ, ಕಾಫಿ ಕುಡಿದದ್ದು ಒಳ್ಳೆಯ ಕೆಲಸ. ಇನ್ನೊಂದು ಸಲ ಸ್ಕ್ರೂಡ್ರೈವರ್ ಹಾಕಬೇಡ. ಸ್ಕ್ರೂಡ್ರೈವರಿನ ತುದಿ ಚಪ್ಪಟೆ, ಸರಳು ದುಂಡಗೆ. ಒಂದರ ಮೇಲೊಂದು ನಿಲ್ಲುವ ಮಾತೇ ಇಲ್ಲ.

ನನ್ನ ಹತ್ತಿರ ಇರುವುದು 1966ರ ಮಸ್ಟ್ಯಾಂಗ್. ಅದರಲ್ಲೂ ಇದೇ ಏರ್ಪಾಡು, ಎರಡು ಸರಳು, ಅಡ್ಡಡ್ಡ. ಮೂರು ಸಲ ಬಿಚ್ಚಿ ಹಾಕಿದ್ದೇನೆ. ಒಬ್ಬ ಗೆಳೆಯನ ಮಿಯಾಟಾದ್ದನ್ನೂ ಬಿಚ್ಚಿಕೊಟ್ಟಿದ್ದೇನೆ. ಮಸ್ಟ್ಯಾಂಗ್‌ನಲ್ಲಿ ಒಳಗೆ ಜಾಗ ಇದೆ. ಮಿಯಾಟಾದಲ್ಲಿ ಅರ್ಧ ಮೈ ಡಿಕ್ಕಿಯೊಳಗೆ ತೂರಿಸಿ ಕೆಲಸ ಮಾಡಬೇಕು. ಅಂದರೆ ಮುಖ ಸರಳಿಗೆ ಹತ್ತಿರ. ಅಪಾಯ ಇರುವುದು ಅಲ್ಲೇ.

ಬೇರೆ ಏನೇ ಮಾಡುವ ಮೊದಲು ಒಂದು ಕೆಲಸ. ನಿನ್ನ ಗಾಡಿಯ ಬ್ಯಾಟರಿ ಎಲ್ಲಿದೆ ನೋಡು. ಡಿಕ್ಕಿಯಲ್ಲೇ, ಬಲಗಡೆ ಮೂಲೆಯಲ್ಲಿ. ಕೈಯಲ್ಲಿ ಅರ್ಧ ಮೀಟರ್ ಕಬ್ಬಿಣದ ಪೈಪು ಹಿಡಿದಿರುತ್ತೀಯ. ಅದರ ಒಂದು ಕಡೆ ಪ್ಲಸ್ ಟರ್ಮಿನಲ್‌ಗೆ, ಇನ್ನೊಂದು ಕಡೆ ಬಾಡಿಗೆ ತಾಗಿದರೆ ವೆಲ್ಡಿಂಗ್ ಅಂಗಡಿ ಶುರು. ಮೊದಲು ಮೈನಸ್ ತಂತಿ ಬಿಚ್ಚು. ಆಮೇಲೆ ಬ್ಯಾಟರಿಯನ್ನೇ ಹೊರಗೆ ತೆಗೆದಿಟ್ಟರೆ ಇನ್ನೂ ವಾಸಿ. ಸ್ಟೆಪ್ನಿ ಚಕ್ರವನ್ನೂ ತೆಗೆ, ಮೊಣಕೈಗೆ ಜಾಗ ಸಿಗುತ್ತದೆ.

ನೀಲಿ_ಮಿಯಾಟಾ · ಸ್ಯಾನ್ ಹೋಸೆ

ಬ್ಯಾಟರಿ ವಿಷಯ ತಲೆಗೇ ಬಂದಿರಲಿಲ್ಲ. ಥ್ಯಾಂಕ್ಸ್ ಸರ್.

ಒಂದು ಅನುಮಾನ. ಮುಚ್ಚಳ ಪೂರ್ತಿ ಮೇಲೆತ್ತಿದಾಗ ಸ್ಪ್ರಿಂಗ್ ಸಡಿಲ ಆಗಿರಬೇಕಲ್ವಾ? ಮುಚ್ಚಿದಾಗ ತಾನೇ ಅದು ತಿರುಚಿಕೊಳ್ಳುವುದು? ನಾನು ಮೀಟಿದ್ದು ಮುಚ್ಚಳ ಪೂರ್ತಿ ಮೇಲಿದ್ದಾಗಲೇ. ಆದರೂ ಅಷ್ಟು ಜೋರಾಗಿ ಹೊಡೆಯಿತು.

ಪಾನಾ_ಸೆಟ್ · ಡೆಟ್ರಾಯಿಟ್

ಎಲ್ಲರೂ ಎಡವುವ ಜಾಗ ಇದೇ. ಮುಚ್ಚಳ ಮೇಲಿದ್ದಾಗ ಸ್ಪ್ರಿಂಗಿನ ಬಿಗಿ ಕಡಿಮೆ ಆಗಿರುತ್ತದೆ ಅಷ್ಟೇ, ಹೋಗಿರುವುದಿಲ್ಲ. ಪೂರ್ತಿ ಸಡಿಲ ಆಗಿದ್ದರೆ ಮುಚ್ಚಳ ಮೇಲೆ ನಿಲ್ಲುವುದಾದರೂ ಹೇಗೆ? ನಿನ್ನ ಗಾಡಿಗೆ ಊರುಗೋಲು ಇಲ್ಲ. ಅಷ್ಟು ಭಾರದ ಮುಚ್ಚಳವನ್ನು ಗಾಳಿ ಬೀಸಿದರೂ ಬೀಳದ ಹಾಗೆ ಹಿಡಿದು ನಿಲ್ಲಿಸಿರುವುದು ಆ ಉಳಿದ ಬಿಗಿಯೇ. ಹಿಂಜಿನ ತೋಳು ತನ್ನ ಕೊನೆಯ ತಡೆಗೆ ಬಂದು ನಿಂತಿದೆ, ಸರಳು ಅದನ್ನು ಇನ್ನೂ ತಳ್ಳುತ್ತಲೇ ಇದೆ.

ಆದ್ದರಿಂದ ಬಿಚ್ಚುವುದು ಮುಚ್ಚಳ ಪೂರ್ತಿ ಮೇಲಿದ್ದಾಗಲೇ. ಆದರೆ ಬಿಗಿ ಇದೆ ಅಂತ ತಿಳಿದುಕೊಂಡೇ ಕೈ ಹಾಕಬೇಕು.

ಲೆಕ್ಕದ_ಮೇಷ್ಟ್ರು · ಧಾರವಾಡ

ಒಂದು ಸಣ್ಣ ಲೆಕ್ಕ ಹಾಕೋಣ್ರಿ. ಮುಚ್ಚಳ 10 ಕಿಲೋ ಅಂತ ಇಟ್ಟುಕೊಳ್ಳಿ. ಮುಚ್ಚಿದ ಸ್ಥಿತಿಯಿಂದ ತೆಗೆದ ಸ್ಥಿತಿಗೆ ಅದರ ನಡುಭಾಗ 40 ಸೆಂಟಿಮೀಟರ್ ಮೇಲೇರಿತು ಅಂದುಕೊಳ್ಳಿ. 10 × 9.8 × 0.4, ಸುಮಾರು 39 ಜೂಲ್. ಈ ಕೆಲಸದ ಬಹುಪಾಲನ್ನು ಮಾಡಿಕೊಡುವುದು ಆ ಎರಡು ಸರಳು. 39 ಜೂಲ್ ಅಂದರೆ 4 ಮೀಟರ್ ಎತ್ತರದಿಂದ 1 ಕಿಲೋ ಸುತ್ತಿಗೆ ಬಿದ್ದ ಹಾಗೆ. ಒಂದೂವರೆ ಮಾಳಿಗೆ ಮೇಲಿಂದ ಸುತ್ತಿಗೆ ಬಿದ್ದರೆ ಕೆಳಗೆ ನಿಲ್ಲುತ್ತೀರೇನ್ರಿ?

ಮುಚ್ಚಳ ಮೇಲಿದ್ದಾಗ ಉಳಿದಿರುವುದು ಇದರಲ್ಲಿ ಒಂದು ಪಾಲು ಮಾತ್ರ, ಒಪ್ಪುತ್ತೇನೆ. ಆದರೆ ಇನ್ನೊಂದು ವಿಷಯ ಇದೆ. ಮುಚ್ಚಳಕ್ಕೆ ಕಟ್ಟಿಕೊಂಡಿದ್ದಾಗ ಆ ಶಕ್ತಿ ಭಾರವಾದ ಮುಚ್ಚಳವನ್ನು ನಿಧಾನವಾಗಿ ಎತ್ತುತ್ತದೆ. ತುದಿ ಕಳಚಿಕೊಂಡರೆ ಅದೇ ಶಕ್ತಿ ಹಗುರವಾದ ಸರಳಿನ ಕೊಕ್ಕೆಯನ್ನು ಓಡಿಸುತ್ತದೆ. ಭಾರ ಕಡಿಮೆ, ಹಾಗಾಗಿ ವೇಗ ಜಾಸ್ತಿ. ಕಣ್ಣು ಮುಚ್ಚುವಷ್ಟೂ ಸಮಯ ಸಿಗುವುದಿಲ್ಲ. ಕನ್ನಡಕ ಹಾಕಿಕೊಳ್ಳಿ ಅನ್ನುವುದು ಅದಕ್ಕೇ. ಓದುವ ಕನ್ನಡಕ ಅಲ್ಲ, ಗ್ರೈಂಡಿಂಗ್ ಮಾಡುವಾಗ ಹಾಕುವಂಥದ್ದು.

ಇದು ಬರೇ ಬಾಗಿಸಿದ ಕಂಬಿ ಅಲ್ಲ ನೋಡ್ರಿ. ಉದ್ದಕ್ಕೂ ತಿರುಚಿಕೊಳ್ಳುತ್ತದೆ. ಒದ್ದೆ ಬಟ್ಟೆ ಹಿಂಡುವಾಗ ಎರಡು ತುದಿ ಹಿಡಿದು ತಿರುಗಿಸುತ್ತೀರಲ್ಲ, ಹಾಗೆ. ದಪ್ಪ ಸ್ವಲ್ಪ ಜಾಸ್ತಿ ಆದರೂ ಬಿಗಿ ಎಷ್ಟೋ ಪಾಲು ಜಾಸ್ತಿ ಆಗುತ್ತದೆ, ಯಾಕೆಂದರೆ ವ್ಯಾಸದ ನಾಲ್ಕನೇ ಘಾತಕ್ಕೆ ಹೋಗುತ್ತದೆ ಲೆಕ್ಕ. ಅಷ್ಟೇ ಉದ್ದದ 7 ಮಿಲಿಮೀಟರ್ ಸರಳಿಗಿಂತ 8 ಮಿಲಿಮೀಟರಿನದು ಸುಮಾರು 70 ಶೇಕಡಾ ಹೆಚ್ಚು ಬಿಗಿ. ಹಾಗಾಗಿ "ಬೇರೆ ಗಾಡಿದು ಸುಲಭವಾಗಿ ಬಂತು, ಇದೂ ಬರುತ್ತೆ" ಅಂತ ನಂಬಬೇಡಿ.

ಡಿಕ್ಕಿ_ಹೊಡೆದವ · ಮಿಲ್ಟನ್ ಕೀನ್ಸ್

ನನ್ನ ಹೆಸರು ನೋಡಿದರೆ ಕಥೆ ಗೊತ್ತಾಗುತ್ತೆ. ಡಿಕ್ಕಿಯಿಂದಲೇ ಡಿಕ್ಕಿ ಹೊಡೆಸಿಕೊಂಡವನು ನಾನು.

ನನ್ನದು ಜಪಾನಿನಿಂದ ಇಲ್ಲಿಗೆ ತರಿಸಿದ ಗಾಡಿ, ಅಲ್ಲಿ ಅದನ್ನು ಯೂನೋಸ್ ರೋಡ್‌ಸ್ಟರ್ ಅಂತ ಮಾರುತ್ತಿದ್ದರು. ಗಾಡಿ ಅದೇ, ಹೆಸರು ಮಾತ್ರ ಬೇರೆ. ನಾನು ಜಾಣತನ ಮಾಡಿ ಸರಳು ಮುಟ್ಟಲಿಲ್ಲ. ಮುಚ್ಚಳದ ನಾಲ್ಕು ಬೋಲ್ಟು ಬಿಚ್ಚಿದೆ, ಹೆಂಡತಿ ಹಿಡಿದುಕೊಂಡಳು, ಇಬ್ಬರೂ ಸೇರಿ ಇಳಿಸಿದೆವು. ಏನೂ ಆಗಲಿಲ್ಲ. ಹಿಂಜಿನ ತೋಳು ಎರಡೂ ಆಕಾಶ ನೋಡಿಕೊಂಡು ನಿಂತಿದ್ದವು. "ಇಷ್ಟೇನಾ!" ಅಂದುಕೊಂಡೆ.

ಆಮೇಲೆ ಮಳೆ ಬರುವ ಹಾಗಾಯಿತು. ಇಂಗ್ಲೆಂಡ್ ಅಲ್ವಾ. ಗಾಡಿಗೆ ಹೊದಿಕೆ ಹಾಕಬೇಕು, ತೋಳುಗಳು ಅಡ್ಡ. ಎಡಗಡೆಯದನ್ನು ಕೈಯಿಂದ ಕೆಳಗೆ ಒತ್ತಿದೆ. ಬಂತು. ಇನ್ನೂ ಒತ್ತಿದೆ. ಅರ್ಧ ದಾರಿಯಲ್ಲಿ ಅಂಗೈ ಜಾರಿತು. ಮುಚ್ಚಳದ ಭಾರ ಇಲ್ಲ, ತಡೆಯುವವರು ಯಾರೂ ಇಲ್ಲ. ತೋಳು ನೇರ ಗಲ್ಲಕ್ಕೆ ಬಂತು. ಮೂರು ಹೊಲಿಗೆ, ಅರ್ಧ ಹಲ್ಲು. ಹೊದಿಕೆ ಹಾಕಿದವಳು ಕೊನೆಗೆ ಹೆಂಡತಿಯೇ.

ಮುಚ್ಚಳ ಇಲ್ಲದ ತೋಳನ್ನು ಯಾವ ಕಾರಣಕ್ಕೂ ಒತ್ತಬೇಡಿ. ನನ್ನ ಪಕ್ಕದ ಮನೆಯವರ ಎಂಜಿಬಿ ಕಾರಿನಲ್ಲಿ ಈ ತಲೆನೋವೇ ಇಲ್ಲ, ಮುಚ್ಚಳಕ್ಕೆ ಒಂದು ಊರುಗೋಲು ಕೊಟ್ಟಿದ್ದಾರೆ, ಮುಗಿಯಿತು. ಅವರು ನನ್ನ ಗಲ್ಲ ನೋಡಿದಾಗಲೆಲ್ಲ ಅದನ್ನೇ ಹೇಳುತ್ತಾರೆ.

ಸೋಮಾರಿ_ಮೆಕ್ಯಾನಿಕ್ · ಬೆಂಗಳೂರು

ನಾನು ಬೇರೆ ದಾರಿ ಹೇಳುತ್ತೇನೆ. ಸರಳು ಬಿಚ್ಚಲೇ ಬೇಡಿ. ಮುಚ್ಚಳ ಇಳಿಸಿ, ತೋಳುಗಳಿಗೆ ಬಟ್ಟೆ ಸುತ್ತಿ, ಪೇಂಟ್ ಟೇಪು ಹಾಕಿ, ಹಾಗೇ ಕೊಡಿ. ಮಿಲ್ಟನ್ ಕೀನ್ಸ್ ಅಣ್ಣನೇ ಹೇಳಿದರಲ್ಲ, ಒತ್ತದಿದ್ದರೆ ಏನೂ ಆಗುವುದಿಲ್ಲ. ನಮ್ಮ ಗ್ಯಾರೇಜಿಗೆ ಬರುವ ಹಳೇ ಸೆಡಾನ್‌ಗಳಲ್ಲೂ ಇಂಥದ್ದೇ ಸರಳು ಇರುತ್ತೆ. ಪೇಂಟಿಗೆ ಅಂತ ನಾವು ಯಾವತ್ತೂ ಬಿಚ್ಚಿಲ್ಲ. ಸುಮ್ನೆ ಯಾಕೆ ಹಾವಿನ ಹುತ್ತಕ್ಕೆ ಕೈ?

ಪಾನಾ_ಸೆಟ್ · ಡೆಟ್ರಾಯಿಟ್

ಬರೀ ಮುಚ್ಚಳಕ್ಕೆ ಬಣ್ಣ ಆಗಿದ್ದರೆ ನಿನ್ನ ಮಾತಿಗೆ ನಾನೂ ಹೂಂ ಅನ್ನುತ್ತಿದ್ದೆ. ನೀಲಿಗೆ ಹಿಂಜಿನ ಬುಡದಲ್ಲಿ ತುಕ್ಕು ಇದೆ. ಹಿಂಜು ಬಿಚ್ಚಬೇಕು ಅಂದರೆ ಸರಳು ಬಿಚ್ಚಲೇಬೇಕು. ಬಿಗಿ ಇರುವ ಹಿಂಜಿನ ಬೋಲ್ಟನ್ನು ಸಡಿಲ ಮಾಡಲು ಹೋದರೆ ಅದು ಇನ್ನೂ ಕೆಟ್ಟದ್ದು.

ಇನ್ನೊಂದು. ನಿಮ್ಮ ಗ್ಯಾರೇಜಿನಲ್ಲಿ ಆ ತೋಳು ಒತ್ತಬಾರದು ಅಂತ ಎಲ್ಲರಿಗೂ ಗೊತ್ತು. ನೀಲಿ ಗಾಡಿ ಕೊಡುತ್ತಿರುವ ಕಡೆ ಉಜ್ಜುವ ಹುಡುಗನಿಗೆ ಗೊತ್ತಿರುತ್ತಾ? ಅವನ ಗಲ್ಲ ಯಾರದು?

ಸೋಮಾರಿ_ಮೆಕ್ಯಾನಿಕ್ · ಬೆಂಗಳೂರು

ತುಕ್ಕಿನ ವಿಷಯ ಸರಿಯಾಗಿ ಓದಿರಲಿಲ್ಲ. ವಾಪಸ್ ತಗೊಂಡೆ. ಹಾಗಾದರೆ ಹಗ್ಗ ಹಾಕಿ ಎಳೀರಿ. ಕೊಕ್ಕೆಗೆ ನೈಲಾನ್ ಹಗ್ಗ ಸುತ್ತಿ, ದೂರದಲ್ಲಿ ನಿಂತು ಎಳೆದರೆ ಕಳಚಿಕೊಳ್ಳುತ್ತೆ. ಮುಖ ಹತ್ತಿರ ಇರುವುದೇ ಇಲ್ಲ.

ಲೆಕ್ಕದ_ಮೇಷ್ಟ್ರು · ಧಾರವಾಡ

ನೈಲಾನ್ ಬ್ಯಾಡ್ರಿ. ಅದು ಹಿಗ್ಗುತ್ತದೆ. ಎಳೆದಾಗ ಹಗ್ಗದೊಳಗೇ ಇನ್ನೊಂದು ಸ್ಪ್ರಿಂಗ್ ಮಾಡಿದ ಹಾಗೆ. ಕೊಕ್ಕೆ ಕಳಚಿದ ಕೂಡಲೇ ಹಗ್ಗ, ಸರಳು ಎರಡೂ ನಿಮ್ಮ ಕಡೆಗೇ ಬರುತ್ತವೆ. ಎಳೆಯಲೇಬೇಕು ಅಂದರೆ ಲಗೇಜ್ ಕಟ್ಟುವ ಪಾಲಿಯೆಸ್ಟರ್ ಪಟ್ಟಿ ತಗೊಳ್ಳಿ, ಅದು ಅಷ್ಟು ಹಿಗ್ಗುವುದಿಲ್ಲ.

ಹೊಸಬ · ದುಬೈ

ಗ್ರೈಂಡರ್ ಹಾಕಿ ಕಟ್ ಮಾಡಿ ಬಿಸಾಕಿ, ಹೊಸ ಗ್ಯಾಸ್ ಸ್ಟ್ರಟ್ (ಗ್ಯಾಸಿನ ಒತ್ತಡದಿಂದ ಮುಚ್ಚಳ ಎತ್ತಿ ಹಿಡಿಯುವ ಕೊಳವೆ) ಹಾಕಿಸಿ. ಐದು ನಿಮಿಷದ ಕೆಲಸ.

ಪಾನಾ_ಸೆಟ್ · ಡೆಟ್ರಾಯಿಟ್

ಬೇಡ. ದಯವಿಟ್ಟು ಯಾರೂ ಮಾಡಬೇಡಿ. ಬಿಗಿ ಇರುವ ಸರಳು ಪೂರ್ತಿ ಕತ್ತರಿಸುವ ತನಕ ಕಾಯುವುದಿಲ್ಲ. ಅರ್ಧ ಕತ್ತರಿಸಿದಾಗ ಉಳಿದರ್ಧ ತಾನೇ ಮುರಿಯುತ್ತದೆ, ಯಾವ ಕಡೆಗೆ ಹಾರುತ್ತದೆ ಅಂತ ಹೇಳಲು ಆಗುವುದಿಲ್ಲ. ಪೆಟ್ರೋಲ್ ಟ್ಯಾಂಕ್ ಡಿಕ್ಕಿ ಗೋಡೆಯ ಆಚೆಗೇ ಇದೆ, ಕಿಡಿ ಹಾರಿಸುವ ಜಾಗ ಅಲ್ಲ ಅದು. ಗ್ಯಾಸ್ ಕಟರಿನಿಂದ ಕಾಯಿಸಿ ಮೆತ್ತಗೆ ಮಾಡುವ ಯೋಚನೆಯೂ ಬೇಡ. ಬಿಗಿ ಹೋಗುತ್ತದೆ, ಜೊತೆಗೆ ಸ್ಪ್ರಿಂಗೂ ಹೋಗುತ್ತದೆ. ಒಮ್ಮೆ ಹದ ಕಳೆದುಕೊಂಡ ಉಕ್ಕು ಮತ್ತೆ ಬರೀ ಕಂಬಿ.

ಗ್ಯಾಸ್ ಸ್ಟ್ರಟ್ಟು ಇಷ್ಟ ಇದ್ದವರು ಹಾಕಿಸಿಕೊಳ್ಳಲಿ. ನನಗೆ ಇಷ್ಟ ಇಲ್ಲ. ನಮ್ಮೂರ ಚಳಿಗೆ ಒಳಗಿನ ಗ್ಯಾಸಿನ ಒತ್ತಡ ಇಳಿದು ಮುಚ್ಚಳ ಮೆಲ್ಲಗೆ ತಲೆ ಮೇಲೆ ಬರುತ್ತದೆ. ಸರಳು 60 ವರ್ಷದಿಂದ ನನ್ನ ಗಾಡಿಯಲ್ಲಿ ಇದೆ.

ಸರಿ, ನಾನು ಮಾಡುವ ರೀತಿ ಬರೆಯುತ್ತೇನೆ. ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಇಬ್ಬರು ಬೇಕು. ಒಬ್ಬರ ಕೆಲಸ ಮುಚ್ಚಳ ಹಿಡಿಯುವುದು, ಬೇರೆ ಏನೂ ಇಲ್ಲ, ಫೋನೂ ನೋಡಬಾರದು. ಜೊತೆಗೆ ಒಂದು ಮರದ ಕೋಲನ್ನು ಅಳತೆಗೆ ಕತ್ತರಿಸಿ ಮುಚ್ಚಳಕ್ಕೆ ಊರು ಕೊಡಿ. ಮೊದಲನೇ ಸರಳು ಬಂದ ಕೂಡಲೇ ಅರ್ಧ ಬಲ ಹೋಗುತ್ತದೆ, ಎರಡನೆಯದು ಬಂದ ಮೇಲೆ ಮುಚ್ಚಳ ಸತ್ತ ಭಾರ. ಬಿದ್ದರೆ ನಿಮ್ಮ ಕುತ್ತಿಗೆಯ ಮೇಲೇ. ಡಿಕ್ಕಿ ಕೀ ನಿಮ್ಮ ಜೇಬಿನಲ್ಲಿರಲಿ.

ಮುಟ್ಟುವ ಮೊದಲು ಫೋಟೋ ತೆಗೆಯಿರಿ. ಎಡದ ಕೊನೆ, ಬಲದ ಕೊನೆ, ನಡುವೆ ಯಾವುದು ಮೇಲೆ ಯಾವುದು ಕೆಳಗೆ. ಎರಡು ಸರಳೂ ಒಂದೇ ಥರ ಕಾಣುತ್ತವೆ, ಆದರೆ ಕನ್ನಡಿಯಲ್ಲಿ ನೋಡಿದ ಹಾಗೆ ತಿರುವು ಉಲ್ಟಾ. ಟೇಪು ಅಂಟಿಸಿ "ಎಡ", "ಬಲ" ಅಂತ ಬರೆಯಿರಿ. ಬ್ರಾಕೆಟ್ಟಿನಲ್ಲಿ ಒಂದಕ್ಕಿಂತ ಜಾಸ್ತಿ ಕಚ್ಚು ಇದ್ದರೆ ಈಗ ಯಾವ ಕಚ್ಚಿನಲ್ಲಿದೆ ಅಂತ ಗುರುತು ಹಾಕಿ.

ಈಗ ಟಾರ್ಚು ಹಾಕಿ ಆ ಕಚ್ಚನ್ನೇ ನೋಡಿ. ಅವಸರ ಬೇಡ, ಐದು ನಿಮಿಷ ನೋಡಿ. ಕಚ್ಚಿನ ಒಂದು ಗೋಡೆಯಲ್ಲಿ ಬಣ್ಣ ಸವೆದು ಉಕ್ಕು ಹೊಳೆಯುತ್ತಿರುತ್ತದೆ, ಇನ್ನೊಂದು ಗೋಡೆಯಲ್ಲಿ ಬಣ್ಣ, ಧೂಳು ಹಾಗೇ ಇರುತ್ತದೆ. ಸರಳು ಒತ್ತುತ್ತಿರುವುದು ಹೊಳೆಯುವ ಗೋಡೆಯನ್ನು. ಬಿಟ್ಟರೆ ಹೋಗುವುದೂ ಆ ಕಡೆಗೇ. ಆ ದಾರಿಯಲ್ಲಿ ನಿಮ್ಮ ಮುಖ, ಬೆರಳು, ಮಣಿಕಟ್ಟು ಯಾವುದೂ ಇರಬಾರದು. ಬಾಡಿಯ ಬಣ್ಣ ಇದ್ದರೆ ದಪ್ಪ ಚಾಪೆ ಇಡಿ. ಇದನ್ನು ಪತ್ತೆ ಮಾಡದೆ ಉಪಕರಣ ಎತ್ತಿಕೊಳ್ಳಬೇಡಿ.

ಉಪಕರಣ ಅಂದರೆ ಒಂದು ತುಂಡು ಉಕ್ಕಿನ ಪೈಪು. ಒಳವ್ಯಾಸ ಸರಳಿಗಿಂತ ಒಂದು ಕೂದಲು ಜಾಸ್ತಿ ಇರಲಿ, ಲಡಬಡ ಆಡಬಾರದು. ಉದ್ದ 40-45 ಸೆಂಟಿಮೀಟರ್. ಬಾಗಿದ ತುದಿಯ ಮೇಲೆ ಪೈಪು ಕನಿಷ್ಠ 2 ಸೆಂಟಿಮೀಟರ್ ಒಳಗೆ ಹೋಗಬೇಕು. ತುದಿ ಗಿಡ್ಡ ಇದ್ದು ಅಷ್ಟು ಹೋಗದಿದ್ದರೆ ಆಕ್ಸಾ ಬ್ಲೇಡಿನಿಂದ ಪೈಪಿನ ಬಾಯಲ್ಲಿ ಇಂಗ್ಲಿಷ್ ಯು ಆಕಾರದ ಕಚ್ಚು ಮಾಡಿಕೊಳ್ಳಿ, ಅದು ಸರಳನ್ನು ಸವಾರಿ ಕೂತ ಹಾಗೆ ಹಿಡಿಯುತ್ತದೆ. ಲಾಕಿಂಗ್ ಇಕ್ಕಳ ಬೇಡ. ಜಾರುತ್ತದೆ, ಇಲ್ಲದಿದ್ದರೆ ಹಲ್ಲಿನ ಗುರುತು ಮಾಡುತ್ತದೆ. ಆ ಗುರುತಿನಿಂದಲೇ ನಾಳೆ ಬಿರುಕು ಶುರುವಾಗುವುದು.

ಪೈಪು ಕೂರಿಸಿದ ಮೇಲೆ, ಹೊಳೆಯುವ ಗೋಡೆಯಿಂದ ದೂರಕ್ಕೆ ಮೆಲ್ಲಗೆ ತಳ್ಳಿ. ಎರಡು ಮೂರು ಮಿಲಿಮೀಟರ್ ಸಾಕು. ನಿಮ್ಮ ಎರಡನೇ ಕೈ ಸರಳನ್ನು ಕಚ್ಚಿನಿಂದ ಆಚೆಗೆ ಜರುಗಿಸಲಿ. ಬೆರಳಿನಿಂದ ಅಲ್ಲ, ಮರದ ತುಂಡಿನಿಂದ. ಕಚ್ಚು ಬಿಟ್ಟ ಕ್ಷಣ ಪೂರ್ತಿ ಬಿಗಿ ನಿಮ್ಮ ಪೈಪಿಗೆ ಬರುತ್ತದೆ. ಆಗ ಹೆದರಿ ಪೈಪು ಬಿಡುವವರೇ ಜಾಸ್ತಿ. ಬಿಡಬೇಡಿ. ಹಿಡಿದುಕೊಂಡೇ, ಅದು ಹೋಗಬೇಕು ಅನ್ನುವ ಕಡೆಗೆ ನಿಧಾನವಾಗಿ ಹೋಗಲು ಬಿಡಿ. ಸ್ವಲ್ಪ ದೂರ ಹೋದ ಮೇಲೆ ಪೈಪು ಹಗುರ ಆಗುತ್ತದೆ. ಅಲ್ಲಿಗೆ ಸ್ಪ್ರಿಂಗು ಖಾಲಿ.

ಎರಡನೆಯದೂ ಹಾಗೇ. ಒಂದು ಬಂತು ಅಂತ ಖುಷಿಯಲ್ಲಿ ಎರಡನೆಯದಕ್ಕೆ ಅವಸರ ಮಾಡಬೇಡಿ. ನನ್ನ ಹೆಬ್ಬೆರಳಿನ ಉಗುರು ಹೋದದ್ದು ಎರಡನೆಯದರಲ್ಲಿ.

ಅದಾದ ಮೇಲೆ ಮುಚ್ಚಳ. ಮೂರನೇ ಬ್ರೇಕ್ ಲೈಟಿನ ತಂತಿ ಹಿಂಜಿನ ಜೊತೆ ಮುಚ್ಚಳದೊಳಗೆ ಹೋಗಿರುತ್ತದೆ, ಕನೆಕ್ಟರ್ ಬಿಚ್ಚದೆ ಮುಚ್ಚಳ ಎತ್ತಿ ತಂತಿ ಹರಿದುಕೊಂಡವರು ಇದ್ದಾರೆ. ಬೋಲ್ಟಿನ ಸುತ್ತ ಮಾರ್ಕರಿನಿಂದ ಗೆರೆ ಎಳೆದುಕೊಂಡರೆ ವಾಪಸ್ ಹಾಕುವಾಗ ಸಂದು ಸರಿ ಮಾಡಲು ಅರ್ಧ ದಿನ ಉಳಿಯುತ್ತದೆ.

ಡಿಕ್ಕಿ_ಹೊಡೆದವ · ಮಿಲ್ಟನ್ ಕೀನ್ಸ್

ಆ ಹೊಳೆಯುವ ಗೋಡೆ ವಿಷಯ ಯಾರೂ ನನಗೆ ಹೇಳಿರಲಿಲ್ಲ. ಈಗ ಹೋಗಿ ಟಾರ್ಚು ಹಾಕಿ ನೋಡಿ ಬಂದೆ. ನಿಜ, ಒಂದು ಕಡೆ ಉಗುರಿನಷ್ಟು ಜಾಗ ಬೆಳ್ಳಿ ಥರ ಇದೆ.

ಸುಮ್ನೆ_ಕೇಳ್ದೆ · ಮೈಸೂರು

ಕೈಗವಸು ಯಾವುದು ಹಾಕಬೇಕು? ಕೇಳಿದೆ ಅಷ್ಟೇ, ನನ್ನ ಹತ್ತಿರ ಇರುವುದು ಸ್ಕೂಟರ್.

ಪಾನಾ_ಸೆಟ್ · ಡೆಟ್ರಾಯಿಟ್

ಚರ್ಮದ್ದು, ಕೈಗೆ ಬಿಗಿಯಾಗಿ ಕೂರುವಂಥದ್ದು. ದೊಗಳೆ ಕೈಗವಸು ಸರಳು ಮತ್ತು ಬ್ರಾಕೆಟ್ ನಡುವೆ ಸಿಕ್ಕಿಕೊಂಡರೆ ಬೆರಳೂ ಜೊತೆಗೆ ಹೋಗುತ್ತದೆ.

ನೀಲಿ_ಮಿಯಾಟಾ · ಸ್ಯಾನ್ ಹೋಸೆ

ಮಾಡಿದೆ! ಎರಡೂ ಬಂತು. ಹಲ್ಲು 32, ಬೆರಳು 10, ಎಲ್ಲ ಲೆಕ್ಕ ಸರಿ ಇದೆ.

ಸ್ವಲ್ಪ ವಿವರ ಹೇಳುತ್ತೇನೆ, ಮುಂದೆ ಓದುವವರಿಗೆ ಆಗುತ್ತದೆ. ಬ್ಯಾಟರಿ, ಸ್ಟೆಪ್ನಿ ಹೊರಗೆ ತೆಗೆದೆ. ಮುಚ್ಚಳ ಹಿಡಿಯಲು ಆಫೀಸಿನ ಗೆಳೆಯ ಬಂದಿದ್ದ, ಹುಬ್ಬಳ್ಳಿಯವನು. ಊಟಕ್ಕೆ ಬಿಸಿಬೇಳೆಬಾತ್ ಅಂತ ಹೇಳಿ ಕರೆದಿದ್ದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸರಿಯಾದ ಪೈಪು ಸಿಗಲು ಎರಡು ಸಲ ಓಡಾಟ. ಮೊದಲು ತಂದದ್ದು ಸಡಿಲ ಇತ್ತು, ಹಾಕಿದರೆ ತೂಗಾಡುತ್ತಿತ್ತು. ಆಸೆಯಾಯಿತು, "ನಡೆಯುತ್ತೆ ಬಿಡು" ಅಂತ. ಹುಬ್ಬಳ್ಳಿಯವನು "ನಡಿಯೂದಿಲ್ಲ ಲೇ" ಅಂದ. ವಾಪಸ್ ಹೋಗಿ ಬೇರೆ ತಂದೆ.

ಮೇಲೆ ಹಾದುಹೋಗಿದ್ದ ಸರಳನ್ನು ಮೊದಲು ಬಿಚ್ಚಿದೆ. ಕಚ್ಚು ಬಿಟ್ಟ ಕ್ಷಣ ನೀವು ಹೇಳಿದ ಹಾಗೇ ಆಯಿತು. ಪೈಪಿಗೆ ಒಮ್ಮೆಲೇ ಜೀವ ಬಂದ ಹಾಗೆ. ದೊಡ್ಡ ಮೀನು ಗಾಳಕ್ಕೆ ಸಿಕ್ಕಿದಾಗ ಕೋಲು ಎಳೆಯುತ್ತಲ್ಲ, ಹಾಗೆ. ಬಿಡಬೇಕು ಅನ್ನಿಸಿತು. ಬಿಡಲಿಲ್ಲ. ಒಂದು ಗೇಣಿನಷ್ಟು ದೂರ ಮೆಲ್ಲಗೆ ಬಿಟ್ಟೆ, ಆಮೇಲೆ ಪೈಪು ಸುಮ್ಮನಾಯಿತು.

ಎರಡನೆಯದು ಬಿಚ್ಚುವ ಮೊದಲು ಅರ್ಧ ಗಂಟೆ ಊಟ ಮಾಡಿದೆವು. ಬೇಕಂತಲೇ.

ಎರಡನೆಯದು ಬಂದ ಕೂಡಲೇ ಮುಚ್ಚಳದ ಭಾರ ಪೂರ್ತಿ ಗೆಳೆಯನ ಕೈಗೆ ಬಂತು. "ಏನ್ ಭಾರ ಐತೋ ಇದು" ಅಂದ. ಇಷ್ಟು ದಿನ ಎರಡು ಬೆರಳಲ್ಲಿ ಎತ್ತುತ್ತಿದ್ದ ಮುಚ್ಚಳ ಅದು.

ಈಗ ಒಂದು ಪ್ರಶ್ನೆ. ಸರಳುಗಳ ಮೇಲೆ ತುಕ್ಕಿದೆ. ಆಳ ಇಲ್ಲ, ಮೇಲ್ಮೈ ಮಾತ್ರ. ಆಸಿಡ್ಡಿನಲ್ಲಿ ಅದ್ದಿ ತೆಗೆಯಲಾ? ಜಿಂಕ್ ಪ್ಲೇಟಿಂಗ್ ಮಾಡಿಸಿದರೆ ಚೆನ್ನಾಗಿ ಕಾಣುತ್ತಲ್ವಾ?

ಲೆಕ್ಕದ_ಮೇಷ್ಟ್ರು · ಧಾರವಾಡ

ಎರಡೂ ಬ್ಯಾಡ್ರಿ. ಸ್ಪ್ರಿಂಗಿನಂಥ ಗಟ್ಟಿ ಉಕ್ಕನ್ನು ಆಸಿಡ್ಡಿನಲ್ಲಿ ಅದ್ದಿದರೆ ಹೈಡ್ರೋಜನ್ ಒಳಗೆ ಹೋಗಿ ಸೇರಿಕೊಳ್ಳುತ್ತದೆ. ಪ್ಲೇಟಿಂಗ್ ಮಾಡುವಾಗಲೂ ಅದೇ. ಹೊರಗಿಂದ ನೋಡಿದರೆ ಫಳಫಳ, ಒಳಗೆ ಬಿಸ್ಕತ್ತು. ಹಾಕಿದ ದಿನ ಏನೂ ಆಗುವುದಿಲ್ಲ. ಬಿಗಿಯಲ್ಲಿ ಕೂತು ಕೂತು ಕೆಲವು ದಿನ ಆದ ಮೇಲೆ ಗಾಡಿ ನಿಂತಲ್ಲೇ ಫಟ್ ಅಂತ ಮುರಿಯಬಹುದು. ಕಾರ್ಖಾನೆಗಳಲ್ಲಿ ಪ್ಲೇಟಿಂಗ್ ಆದ ಕೂಡಲೇ ಒಲೆಯಲ್ಲಿ ಗಂಟೆಗಟ್ಟಲೆ ಇಟ್ಟು ಆ ಹೈಡ್ರೋಜನ್ ಹೊರಗೆ ಓಡಿಸುತ್ತಾರೆ. ಬೀದಿ ಬದಿಯ ಪ್ಲೇಟಿಂಗ್ ಅಂಗಡಿಯಲ್ಲಿ ಅದನ್ನು ನಿರೀಕ್ಷೆ ಮಾಡಬೇಡಿ.

ಸೀಮೆಎಣ್ಣೆ ಹಾಕಿ, ನಯವಾದ ಉಜ್ಜುಕಾಗದದಿಂದ ಉದ್ದಕ್ಕೂ ಉಜ್ಜಿ. ಅಡ್ಡ ಉಜ್ಜಬೇಡಿ, ಅಡ್ಡ ಗೀರಿನಿಂದಲೇ ಬಿರುಕು ಬರುವುದು. ಆಮೇಲೆ ಬಾಗಿದ ಜಾಗಗಳನ್ನು ಭೂತಗನ್ನಡಿ ಹಿಡಿದು ನೋಡಿ. ಕೂದಲೆಳೆಯಂಥ ಗೆರೆ ಕಂಡರೆ ಆ ಸರಳು ಮತ್ತೆ ಹಾಕಬೇಡಿ, ಹಳೇ ಗಾಡಿಗಳ ಬಿಡಿಭಾಗ ಮಾರುವವರ ಹತ್ತಿರ ಇನ್ನೊಂದು ಸಿಗುತ್ತದೆ. ಈ ತಲೆಮಾರಿನ ಮಿಯಾಟಾ 4 ಲಕ್ಷಕ್ಕೂ ಹೆಚ್ಚು ತಯಾರಾಗಿವೆ, ಗುಜರಿಗೇನು ಬರ ಇಲ್ಲ.

ಸೋಮಾರಿ_ಮೆಕ್ಯಾನಿಕ್ · ಬೆಂಗಳೂರು

ಬಣ್ಣ ಹೊಡೆಯಲು ಬ್ರಶ್ಶೇ ಸಾಕು. ತುದಿ ಹಿಂಜಿಗೆ ತಾಗುವ ಜಾಗದಲ್ಲಿ ಬಣ್ಣ ಬೇಡ, ಅಲ್ಲಿ ಗ್ರೀಸ್ ಹಚ್ಚಿ. ಇಲ್ಲದಿದ್ದರೆ ಮುಚ್ಚಳ ತೆಗೆದಾಗಲೆಲ್ಲ ಹಳೇ ಬಾಗಿಲಿನ ಹಾಗೆ ಕಿರ್ ಅನ್ನುತ್ತೆ.

ನೀಲಿ_ಮಿಯಾಟಾ · ಸ್ಯಾನ್ ಹೋಸೆ

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಗಾಡಿ ಪೇಂಟ್ ಆಗಿ ಬಂತು. ನೀಲಿ ಮತ್ತೆ ನೀಲಿ ಆಯಿತು.

ಸರಳು ವಾಪಸ್ ಹಾಕುವುದು ಬಿಚ್ಚಿದ್ದಕ್ಕಿಂತ ಕಷ್ಟ ಆಯಿತು. ಬಿಚ್ಚುವಾಗ ಬಿಗಿಯಿಂದ ಸಡಿಲಕ್ಕೆ ಹೋಗುತ್ತೇವೆ, ಹಾಕುವಾಗ ಉಲ್ಟಾ. ಮೊದಲು ಮುಚ್ಚಳವನ್ನು ಹಿಂಜಿಗೆ ಕಟ್ಟಿ, ಕೋಲು ಊರಿ, ಹುಬ್ಬಳ್ಳಿಯವನನ್ನು ನಿಲ್ಲಿಸಿದೆ. ಸರಳಿನ ಒಂದು ತುದಿಯನ್ನು ಹಿಂಜಿನ ತೋಳಿಗೆ ಕೂರಿಸಿ, ಇನ್ನೊಂದು ತುದಿಗೆ ಪೈಪು ಹಾಕಿ ತಿರುಚಿ ಕಚ್ಚಿನ ತನಕ ತಂದೆ. ಕಚ್ಚಿನ ಬಾಯಿಗೆ ಬಂದಾಗ ಕೈ ನಡುಗಲು ಶುರು. ಒಂದು ಸಲ ಪೂರ್ತಿ ಬಿಟ್ಟು, ಉಸಿರು ತೆಗೆದುಕೊಂಡು, ಮತ್ತೆ ಹಾಕಿದೆ. ಪೈಪು ತೆಗೆಯುವ ಮೊದಲು ತುದಿ ಕಚ್ಚಿನ ತಳಕ್ಕೆ ಕೂತಿದೆಯಾ ಅಂತ ಕನ್ನಡಿ ಹಿಡಿದು ನೋಡಿದೆ. ಮೊದಲ ಸಲ ಕೂತಿರಲಿಲ್ಲ, ಅಂಚಿನಲ್ಲಿ ನಿಂತಿತ್ತು. ಹಾಗೇ ಬಿಟ್ಟಿದ್ದರೆ ಯಾವಾಗಲೋ ಒಂದು ದಿನ ಮುಚ್ಚಳ ಮುಚ್ಚುವಾಗ ಕಳಚಿಕೊಳ್ಳುತ್ತಿತ್ತು.

ಎಲ್ಲ ಸರಿ ಇದೆ, ಆದರೆ ರಸ್ತೆ ಉಬ್ಬು ಬಂದಾಗ ಡಿಕ್ಕಿಯಲ್ಲಿ ಟಿಣ್ ಟಿಣ್ ಅಂತ ಸದ್ದು. ಮೊದಲು ಇರಲಿಲ್ಲ.

ಪಾನಾ_ಸೆಟ್ · ಡೆಟ್ರಾಯಿಟ್

ಎರಡು ಸರಳು ದಾಟುವ ಜಾಗದಲ್ಲಿ ಒಂದಕ್ಕೊಂದು ತಾಗುತ್ತಿರಬೇಕು. ನಿನ್ನ ಹಳೇ ಫೋಟೋ ತೆಗೆದು ನೋಡು, ಯಾವುದು ಮೇಲಿತ್ತು ಅಂತ.

ನೀಲಿ_ಮಿಯಾಟಾ · ಸ್ಯಾನ್ ಹೋಸೆ

ಮೇಲು ಕೆಳಗು ಸರಿಯಾಗಿಯೇ ಇದೆ. ಆದರೆ ನೀವು ಹೇಳಿದ್ದು ನಿಜ, ಅಲ್ಲೇ ತಾಗುತ್ತಿತ್ತು. ನಾನು ಉಜ್ಜಿ ಹೊಸ ಬಣ್ಣ ಹೊಡೆದಾಗ ಅಲ್ಲಿದ್ದ ಹಳೇ ಬಟ್ಟೆಯಂಥ ಟೇಪು ಕಿತ್ತು ಬಿಸಾಡಿದ್ದೆ, ಕೊಳೆ ಅಂದುಕೊಂಡು. ಈಗ ಫೆಲ್ಟ್ ಟೇಪು ಸುತ್ತಿದೆ. ಸದ್ದು ನಿಂತಿತು.

ಸುಮ್ನೆ_ಕೇಳ್ದೆ · ಮೈಸೂರು

ಸ್ಕ್ರೂಡ್ರೈವರ್ ಸಿಕ್ಕಿತಾ?

ನೀಲಿ_ಮಿಯಾಟಾ · ಸ್ಯಾನ್ ಹೋಸೆ

ಇಲ್ಲ. ಗಾಡಿ ಪೂರ್ತಿ ಬಿಚ್ಚಿ ಜೋಡಿಸಿದರೂ ಸಿಕ್ಕಿಲ್ಲ. ಪಕ್ಕದ ಮನೆಯವರ ಹಿತ್ತಲಲ್ಲಿ ನೋಡಬೇಕು.